ಅರ್ಧ ಅರಿಶಿನ ಹಚ್ಚಿದ ಹೊಸ್ತಿಲು

ವನಜಾಕ್ಷಿ ನನ್ನ ಎಡಗಡೆಯ ಅರ್ಧಕ್ಕೆ ಅರಿಶಿನ ಹಚ್ಚಿ ಮುಗಿಸಿದ್ದಳು. ಬಲಗಡೆಯ ಅರ್ಧ ಆಗಷ್ಟೇ ತೊಳೆದ ಮರದ ಬಣ್ಣದಲ್ಲಿ ಒದ್ದೆಯಾಗಿ ಕಾಯುತ್ತಿತ್ತು. ಆಗ ಅವಳ ಕೈ ನಿಂತಿತು.

ನಾನು ಒಂದು ಹೊಸ್ತಿಲು. ಮೈಸೂರಿನ ಹಳೆಯ ಅಗ್ರಹಾರದ ಬೀದಿಯೊಂದರಲ್ಲಿ, ಹೆಂಚಿನ ಮನೆಯೊಂದರ ಮುಂಬಾಗಿಲ ಕೆಳಗೆ ಅಡ್ಡಲಾಗಿ ಮಲಗಿದ್ದೇನೆ. ಜನರ ಮುಖ ನನಗೆ ಆಮೇಲೆ ಕಾಣುವುದು. ಮೊದಲು ಕಾಣುವುದು ಪಾದ. ಒಡೆದ ಹಿಮ್ಮಡಿ, ಹೊಸ ಕಾಲುಂಗುರ, ಮಣ್ಣಾದ ಶೂಸು, ಇನ್ನೂ ನಡೆಯಲು ಕಲಿಯದ ಕೂಸಿನ ಮೊಣಕಾಲು, ಇವುಗಳಿಂದಲೇ ನಾನು ಮನುಷ್ಯರನ್ನು ಗುರುತು ಹಿಡಿಯುತ್ತ ಬಂದಿದ್ದೇನೆ.

ವನಜಾಕ್ಷಿ ಈ ಮನೆಯ ಈಗಿನ ಒಡತಿ. ಬೀದಿಗೆ ಬೆನ್ನು ಹಾಕಿ ಹೊರಗಿನ ಮೆಟ್ಟಿಲ ಮೇಲೆ ಕೂತು ನನಗೆ ಅರಿಶಿನ ಹಚ್ಚುವುದು ಅವಳ ರೂಢಿ. ಒಳಗೆ ತಣ್ಣನೆಯ ನೆಲದ ಮೇಲೆ ಅವಳ ಮಗಳು ಇಂಪನಾ ಚಕ್ಕಳಮಕ್ಕಳ ಹಾಕಿಕೊಂಡು ಅಮ್ಮನ ಬೆರಳುಗಳನ್ನೇ ನೋಡುತ್ತಿರುತ್ತಾಳೆ. ಅಮ್ಮ ಮಗಳ ನಡುವೆ ನಾನು. ಬೀದಿ ಅಮ್ಮನಿಗೆ ಕಾಣುವುದಿಲ್ಲ, ಮಗಳಿಗೆ ಕಾಣುತ್ತದೆ. ಆ ಭಾನುವಾರ ಬೆಳಿಗ್ಗೆ ಮಗಳ ನೋಟ ಅಮ್ಮನ ಭುಜದ ಮೇಲಿಂದ ಹಾದು ಬೀದಿಯ ತುದಿಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಬಾಯಿ ಅರಳಿತು. ಮೊನ್ನೆ ಬಿದ್ದ ಹಾಲುಹಲ್ಲಿನ ಜಾಗ ಕಂಡಿತು.

ಯಾರು ಬರುತ್ತಿದ್ದಾರೆಂದು ತಿಳಿಯಲು ವನಜಾಕ್ಷಿ ತಿರುಗಿ ನೋಡಲಿಲ್ಲ. ತಾಯಂದಿರು ಎಷ್ಟೋ ಸಂಗತಿಗಳನ್ನು ಮಕ್ಕಳ ಮುಖದಲ್ಲೇ ಓದಿಕೊಳ್ಳುತ್ತಾರೆ. ನನಗೂ ತಿಳಿಯಿತು. ಆ ಹವಾಯಿ ಚಪ್ಪಲಿಯ ಸದ್ದು, ಬಲಗಾಲನ್ನು ತುಸು ಎಳೆದು ಹಾಕುವ ಆ ನಡಿಗೆ ನನಗೆ ಹಳೆಯ ಪರಿಚಯ. ಆದರೆ ಈ ಮನೆಗೆ ಅದು ಎಂದೂ ಬಾರದ ಕಡೆಯಿಂದ ಬರುತ್ತಿತ್ತು.

ಅದೇಕೆಂದು ಹೇಳಬೇಕಾದರೆ ನಾನು ಮರವಾಗಿದ್ದ ಕಾಲದಿಂದ ಶುರುಮಾಡಬೇಕು. ಒಲೆಯ ಮೇಲೆ ಹಾಲಿಟ್ಟು ಬಂದವರು ನಡುವೆ ಎದ್ದು ಹೋಗಿ ಬನ್ನಿ. ನಾನು ಎಲ್ಲಿಗೂ ಹೋಗುವುದಿಲ್ಲ.

ಕಾಕನಕೋಟೆಯ ಕಾಡಿನಲ್ಲಿ ನಾನೊಂದು ಹೊನ್ನೆಮರದ ಬೊಡ್ಡೆಯಾಗಿದ್ದೆ. ಹೊನ್ನೆಗೆ ಕೊಡಲಿ ಬಿದ್ದರೆ ಕೆಂಪು ಅಂಟು ಸುರಿಯುತ್ತದೆ. ಕಡಿಯುವವರೂ ಒಂದು ಕ್ಷಣ ಕೈ ಹಿಂದೆಗೆಯುತ್ತಾರೆ. ಎತ್ತಿನ ಗಾಡಿಯಲ್ಲಿ ಮೈಸೂರಿಗೆ ಬಂದೆ. ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅನಂತಪದ್ಮನಾಭಯ್ಯನವರು ಆಗ ಈ ಮನೆ ಕಟ್ಟಿಸುತ್ತಿದ್ದರು. ಬಡಗಿ ಪುಟ್ಟಾಚಾರಿ ನನ್ನನ್ನು ತಟ್ಟಿ ನೋಡಿ, ಒಂದೇ ದಿಮ್ಮಿಯಲ್ಲಿ ಎರಡು ಹೊಸ್ತಿಲು ತೆಗೆಯಬಹುದು ಎಂದ. ಹಾಗೆ ನಾವು ಇಬ್ಬರಾದೆವು. ನಾನು ಮುಂಬಾಗಿಲಿಗೆ, ನನ್ನ ತಂಗಿ ಹಿತ್ತಿಲ ಬಾಗಿಲಿಗೆ.

ಒಂದೇ ಮರ, ಒಂದೇ ಉಳಿ, ಒಂದೇ ಕೈ. ಆದರೂ ನನ್ನನ್ನು ಇಡುವ ದಿನ ವಾದ್ಯ ಊದಿಸಿದರು; ಕೆಳಗೆ ನವಧಾನ್ಯ ಹಾಕಿ, ಮೇಲೆ ಅರಿಶಿನ ಕುಂಕುಮ ಹಚ್ಚಿ, ಮನೆಯವರೆಲ್ಲ ಬಗ್ಗಿ ಕೈಮುಗಿದರು. ತಂಗಿಯನ್ನು ಮಧ್ಯಾಹ್ನ ಊಟವಾದ ಮೇಲೆ ಪುಟ್ಟಾಚಾರಿ ಒಬ್ಬನೇ ಕೂರಿಸಿದ. ಹಿತ್ತಿಲ ಬಾಗಿಲಾಚೆ ಇದ್ದದ್ದು ಒಂದು ಇಕ್ಕಟ್ಟಾದ ಗಲ್ಲಿ. ಬೀದಿಯ ಮನೆಗಳ ಬೆನ್ನಿಗೆ ಬೆನ್ನು ತಾಗಿಕೊಂಡು ಹೋಗುವ ಅದನ್ನು ಜನ ಕನ್ಸರ್ವೆನ್ಸಿ ಎನ್ನುತ್ತಿದ್ದರು. ಪಾಯಿಖಾನೆ ಬಳಿಯುವವರು, ಚರಂಡಿ ತೆಗೆಯುವವರು ಮುಂದಿನ ಬೀದಿಗೆ ಕಾಣದಂತೆ ಬಂದುಹೋಗಲೆಂದು ಬಿಟ್ಟ ದಾರಿ ಅದು. ನಮ್ಮಿಬ್ಬರಿಗೂ ಆಮೇಲೆ ಭೇಟಿಯಿಲ್ಲ. ಆದರೆ ಒಂದೇ ಮರದವರಿಗೆ ಮಾತು ಬೇಕಾಗುವುದಿಲ್ಲ. ಅಲ್ಲಿ ಕಾಲಿಟ್ಟರೆ ಇಲ್ಲಿ ನೆಲ ಸಣ್ಣಗೆ ನಡುಗುತ್ತದೆ. ಹಿತ್ತಿಲ ಸುದ್ದಿಯೆಲ್ಲ ನನಗೆ ಬಂದದ್ದು ಹಾಗೆಯೇ.

ಅನಂತಪದ್ಮನಾಭಯ್ಯನವರ ಸೊಸೆಯಾಗಿ ತುಂಗಮ್ಮ ಬಂದಳು. ನನ್ನ ಮೇಲಿಟ್ಟ ಸೇರಕ್ಕಿಯನ್ನು ಬಲಗಾಲಿನಿಂದ ಎಷ್ಟು ಮೆಲ್ಲಗೆ ತಳ್ಳಿದಳೆಂದರೆ ಸೇರು ಉರುಳದೆ ವಾಲಿ ನಿಂತಿತು. ಅತ್ತೆ ನಕ್ಕು ಇನ್ನೊಮ್ಮೆ ತಳ್ಳಿಸಿದರು. ಅಂದಿನಿಂದ ಮುದುಕಿಯಾಗುವವರೆಗೆ ಅವಳೇ ನನ್ನನ್ನು ನೋಡಿಕೊಂಡಳು. ಬೆಳಗಾಗುತ್ತಲೇ ತೊಳೆದು, ಒಳಗೆ ಕೂತು, ಹೊರಗೆ ಬಾಗಿ ಅರಿಶಿನ ಹಚ್ಚುವಳು. ನಡುವೆ ಒಂದು ಪದ್ಮ, ಎರಡು ಬದಿಗೆ ಬಳ್ಳಿ. ನನ್ನ ಮೇಲೆ ಯಾರೂ ಕೂರುವಂತಿರಲಿಲ್ಲ, ನಿಲ್ಲುವಂತಿರಲಿಲ್ಲ. ನನ್ನ ಆಚೆ ಈಚೆ ನಿಂತು ಯಾರೂ ಕೊಟ್ಟು ತೆಗೆದುಕೊಳ್ಳುವಂತಿರಲಿಲ್ಲ. ಅಷ್ಟು ಮರ್ಯಾದೆ ಒಂದು ಮರದ ತುಂಡಿಗೆ.

ಸಾಕಮ್ಮ ಆ ಬೀದಿಗೆ ಬಂದದ್ದು ತುಂಗಮ್ಮನ ಕೂದಲು ನೆರೆಯತೊಡಗಿದ್ದಾಗ. ಮುನ್ಸಿಪಾಲಿಟಿಯ ಕೆಲಸದವಳು, ವಾಸ ಊರಾಚೆಯ ಪೌರಕಾರ್ಮಿಕರ ಕಾಲೋನಿಯಲ್ಲಿ. ಹರೆಯದ ಹೆಂಗಸು. ಬೀದಿ ಗುಡಿಸಿದರೆ ಪೊರಕೆಯ ಗೆರೆಗಳು ಬಾಚಿದ ಕೂದಲಿನಂತೆ ಕಾಣುತ್ತಿದ್ದವು. ಮುಂದಿನ ಬೀದಿ ಮುಗಿಸಿ ಹಿಂದಿನ ಗಲ್ಲಿಯ ಚರಂಡಿ ತೆಗೆಯುವಳು. ತುಂಗಮ್ಮ ಕೆಟ್ಟವಳಲ್ಲ. ಹಬ್ಬದ ದಿನ ಹಿತ್ತಿಲ ಬಾಗಿಲಿಗೆ ಕರೆದು ಎಲೆಯಲ್ಲಿ ಹುಳಿಯನ್ನ ಕೊಡುವಳು. ನೀರು ಕೇಳಿದರೆ ಮೇಲಿಂದ ಹೊಯ್ಯುವಳು, ಸಾಕಮ್ಮ ಬೊಗಸೆಯೊಡ್ಡಿ ಕುಡಿಯುವಳು. ತಂಗಿಯ ಮೇಲೆ ಆ ನೀರು ಹನಿಯುತ್ತಿತ್ತು. ಮುಂಬಾಗಿಲಿಗೆ ಮಾತ್ರ ಸಾಕಮ್ಮ ಬಂದವಳಲ್ಲ, ಕರೆದವರೂ ಇಲ್ಲ.

ಒಂದು ದಿನ ಸಾಕಮ್ಮ ತನ್ನ ಪುಟ್ಟ ಮಗಳನ್ನು ಜೊತೆಗೆ ಕರೆತಂದಿದ್ದಳು. ಮಗುವಿಗೆ ಜ್ವರ ಬಿಟ್ಟ ಮರುದಿನ, ಶಾಲೆಗೆ ಕಳಿಸಿರಲಿಲ್ಲ. ತಾಯಿ ಗುಡಿಸುತ್ತ ಮುಂದೆ ಹೋದಳು, ಮಗು ಹಿಂದುಳಿಯಿತು. ತುಂಗಮ್ಮ ಪದ್ಮ ಬರೆಯುತ್ತಿರುವುದನ್ನು ನೋಡುತ್ತ, ಹೆಜ್ಜೆಹೆಜ್ಜೆಯಾಗಿ ಹತ್ತಿರ ಬಂದು, ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿತು. ತುಂಗಮ್ಮ ತಲೆಯೆತ್ತಿರಲಿಲ್ಲ. ಮಗುವಿಗೆ ಹಸಿ ಅರಿಶಿನ ಕಂಡು ಏನನ್ನಿಸಿತೋ. ತನ್ನ ಬಲಗೈಯನ್ನು ಅಗಲಿಸಿ ನನ್ನ ಮೇಲೆ ಊರಿತು. ಜ್ವರದ ಬಿಸಿ ಇನ್ನೂ ಇದ್ದ ಪುಟ್ಟ ಅಂಗೈ.

ತುಂಗಮ್ಮ ಬೈಯಲಿಲ್ಲ. ತಲೆಯೆತ್ತಿ ದೂರದಲ್ಲಿದ್ದ ಸಾಕಮ್ಮನನ್ನು ನೋಡಿದಳು, ಅಷ್ಟೆ. ಸಾಕಮ್ಮ ಪೊರಕೆ ಬಿಸಾಕಿ ಓಡಿಬಂದಳು. ಮಗುವಿನ ಕೈ ಎಳೆದು ಅದೇ ಕೈಯ ಮೇಲೆ ಹೊಡೆದಳು. "ತಪ್ಪಾಯ್ತು ಅಮ್ಮಾವ್ರೆ, ಅರೀದ ಕೂಸು" ಎಂದಳು. ಮಗು ಅಳಲಿಲ್ಲ, ಹಳದಿಯಾದ ಅಂಗೈಯನ್ನು ಲಂಗದಲ್ಲಿ ಮುಚ್ಚಿಕೊಂಡಿತು. ಅವರಿಬ್ಬರೂ ಬೀದಿಯ ತಿರುವು ದಾಟುವವರೆಗೆ ಕಾದು ತುಂಗಮ್ಮ ಒಂದು ಕೊಡ ನೀರು ತಂದಳು. ಕೂಸು ಹಾಲು ಕಕ್ಕಿದರೆ ಒರೆಸುತ್ತಾರಲ್ಲ, ಅಷ್ಟೇ ಮೃದುವಾಗಿ ನನ್ನನ್ನು ಮೊದಲಿಂದ ತೊಳೆದಳು. ಆ ಅಂಗೈಯ ಗುರುತು ಹೋಯಿತು. ಮತ್ತೆ ಅರಿಶಿನ, ಮತ್ತೆ ಪದ್ಮ. ಆ ತಣ್ಣೀರು ನನಗೆ ಹಿತವಾಗಿತ್ತು ಎಂದು ನೆನೆದರೆ ಈಗಲೂ ನನಗೆ ನಾಚಿಕೆ.

ಕಾಲ ಹೋಯಿತು. ಬೀದಿ ಬದಲಾಯಿತು. ಪಕ್ಕದ ಮನೆ ಲಾಡ್ಜ್ ಆಯಿತು. ಅದರಾಚೆಯದರಲ್ಲಿ ಯೋಗ ಕಲಿಯಲು ಬಂದ ಪರದೇಶದವರು ಜಗಲಿಯ ಮೇಲೆ ಒದ್ದೆ ಬಟ್ಟೆ ಹರವತೊಡಗಿದರು. ತುಂಗಮ್ಮ ತೀರಿಕೊಂಡಳು. ಅವಳ ಮಗ ಪ್ರಾಣೇಶನಿಗೆ ಮಂಡಿನೋವು. ಲಿಫ್ಟಿರುವ ಫ್ಲಾಟಿಗೆ ಹೋಗುವುದೆಂದು ಮನೆ ಮಾರಲು ಹೊರಟ.

ನೋಡಲು ಬಂದವರಲ್ಲಿ ಒಂದು ಜೋಡಿ ಪಾದ ನನ್ನನ್ನು ದಾಟುವ ಮೊದಲು ತಡೆದು ನಿಂತಿತು. ಬೇರೆಯವರು ಕೋಣೆ ಎಷ್ಟು, ಬಾವಿಯಲ್ಲಿ ನೀರಿದೆಯೇ ಎಂದು ಕೇಳುತ್ತ ನುಗ್ಗುತ್ತಿದ್ದರು. ಈ ಹೆಂಗಸು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡಿದಳು. ಆಮೇಲೆ ನನಗೆ ತಾಗದಂತೆ ಕಾಲನ್ನು ಎತ್ತಿ ಇಟ್ಟಳು, ಬಿಸಿ ಪಾತ್ರೆ ದಾಟುವವರ ಹಾಗೆ. ಅವಳೇ ವನಜಾಕ್ಷಿ. ಬ್ಯಾಂಕಿನಲ್ಲಿ ಕೆಲಸ. ಜೊತೆಯಲ್ಲಿ ಗಂಡ ಸಿದ್ದರಾಜು, ಕಾಲೇಜೊಂದರ ಲೈಬ್ರರಿ ನೋಡಿಕೊಳ್ಳುವವನು. ಅವನ ತೋಳಿನಲ್ಲಿ ನಿದ್ದೆಹೋದ ಕೂಸು ಇಂಪನಾ.

ಅವರು ಇದೇ ಸುತ್ತಿನಲ್ಲಿ ಬೇಕಾದಷ್ಟು ಮನೆ ನೋಡಿ ಸೋತಿದ್ದರೆಂದು ಅವರ ಮಾತಿನಿಂದ ತಿಳಿಯಿತು. ಒಂದು ಕಡೆ ಬ್ರೋಕರು ಫೋನಿನಲ್ಲೇ, ಸಸ್ಯಾಹಾರಿಗಳಿಗೆ ಮಾತ್ರ ಎಂದಿದ್ದ. ಇನ್ನೊಂದು ಕಡೆ ಮುಂಗಡದ ಮಾತಾಗಿ, ಸಿದ್ದರಾಜುವಿನ ಊರು ಕೇರಿ ವಿಚಾರಿಸಿದ ಮೇಲೆ ಮನೆ ಇದ್ದಕ್ಕಿದ್ದಂತೆ ಮಾರಾಟಕ್ಕಿಲ್ಲ ಎಂದಾಗಿತ್ತು. ಪ್ರಾಣೇಶ ಹಾಗೆ ಮಾಡಲಿಲ್ಲ. ಅವರು ದಲಿತರೆಂದು ತಿಳಿದೇ ಒಪ್ಪಿದ. ಆದರೆ ಬಾಗಿಲಲ್ಲಿ ಬೀಳ್ಕೊಡುವಾಗ ದನಿ ತಗ್ಗಿಸಿ ಒಂದು ಮಾತು ಹೇಳಿದ.

"ನನಗೇನೂ ಇಲ್ಲ ನೋಡಿ. ಆದ್ರೆ ಮದುವೆ ಮುಂಜಿ ಅಂತ ಈ ಬೀದಿಗೆ ನಾನು ಬರ್ತಾ ಇರಬೇಕು. ನೀವಾಗಿ ನೀವು ಹೇಳ್ಕೊಂಡು ಓಡಾಡ್ಬೇಡಿ. ಅಷ್ಟು ಮಾಡಿದ್ರೆ ಸಾಕು."

ಸಿದ್ದರಾಜುವಿನ ಒಂದು ಕಾಲು ನನ್ನ ಒಳಗೆ, ಒಂದು ಕಾಲು ಹೊರಗೆ. ಹೊರಗಿದ್ದ ಕಾಲಿನ ಬೆರಳುಗಳು ಬಿಗಿಯಾದವು. ಅವನು ಬಾಯಿ ತೆರೆಯುವ ಮೊದಲೇ ವನಜಾಕ್ಷಿ "ಆಯ್ತು ಸಾರ್" ಎಂದಳು. ಪ್ರಾಣೇಶ ಒಳಗೆ ಹೋದ ಮೇಲೆ ಸಿದ್ದರಾಜು ಮೆಟ್ಟಿಲ ಮೇಲೆ ನಿಂತು, "ಇನ್ನೂ ಸಾಮಾನು ತಂದಿಲ್ಲ. ಆಗ್ಲೇ ಬಚ್ಚಿಟ್ಕೊಳ್ಳೋಕೆ ಶುರು ಮಾಡಿದ್ವಲ್ಲ ವನಜ" ಎಂದ. ಅವಳು ನಿದ್ದೆಹೋದ ಕೂಸನ್ನು ಅವನ ತೋಳಿನಿಂದ ತೆಗೆದುಕೊಂಡಳು. ಮನೆ ಕೈತಪ್ಪಿ ಹೋಗಬಾರದೆಂಬ ಆಸೆ ಅವಳಿಗೆ ಎಷ್ಟಿತ್ತೆಂದು ಅವನಿಗೂ ಪೂರ್ತಿ ಗೊತ್ತಿರಲಿಲ್ಲ.

ನನಗೆ ಗೊತ್ತಾದದ್ದು ಅವರು ಬಂದ ಮರುವಾರ. ಅವಳು ನನ್ನನ್ನು ತೊಳೆದು ಅರಿಶಿನ ಹಚ್ಚಲು ಬಂದಳು. ಈ ಮನೆಯ ಹೆಣ್ಣುಮಕ್ಕಳೆಲ್ಲ ಒಳಗೆ ಕೂತು ಹೊರಗೆ ಬಾಗಿ ಬರೆದವರು. ಇವಳು ಹೊರಗಿನ ಮೆಟ್ಟಿಲ ಮೇಲೆ, ಬೀದಿಗೆ ಬೆನ್ನು ಹಾಕಿ, ಕುಕ್ಕರಗಾಲಿನಲ್ಲಿ ಕೂತಳು. ನಡುವೆ ಪದ್ಮ, ಎರಡು ಬದಿಗೆ ಬಳ್ಳಿ. ತುಂಗಮ್ಮನದೇ ಪದ್ಮ, ಅದೇ ಬಳ್ಳಿ. ಆದರೆ ಬೀದಿಯ ಕಡೆಯಿಂದ ನೋಡಿ ಕಲಿತದ್ದು. ಒಳಗೆ ಕೂತು ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಎಂದೋ ತೊಳೆದುಹೋದ ಆ ಬಿಸಿ ಅಂಗೈ ದೊಡ್ಡದಾಗಿ ನನ್ನ ಮೇಲೆ ಮರಳಿ ಬಂದಿತ್ತು. ನಾನು ಇನ್ನೂ ಹಸಿ ಮರವಾಗಿದ್ದರೆ ಅಂದು ಕೆಂಪು ಅಂಟು ಒಸರುತ್ತಿತ್ತು.

ಹಾಲುಕ್ಕಿಸುವ ದಿನ ಒಂದು ಸಂಗತಿ ನಡೆದಿತ್ತು, ಅದನ್ನು ಹೇಳಲೇಬೇಕು. ಹೊಸಮನೆಗೆ ಕಾಲಿಡುವ ಹೆಣ್ಣಿಗೆ ತವರಿನವರು ಬಂದು ಮಡಿಲಕ್ಕಿ ಕಟ್ಟಬೇಕು. ವನಜಾಕ್ಷಿಗೆ ತವರೆಂದರೆ ತಾಯಿ ಸಾಕಮ್ಮ ಒಬ್ಬಳೇ. ಬೀದಿಯವರನ್ನೆಲ್ಲ ಕರೆದಿದ್ದ ದಿನ ಅವಳು ತಾಯಿಗೆ, ನಾಳೆ ಬಾ ಅವ್ವ, ಇವತ್ತು ಗಲಾಟೆ ಇರತ್ತೆ ಎಂದು ಹೇಳಿಬಿಟ್ಟಿದ್ದಳು. ಆ ಬೀದಿಯನ್ನು ಅಷ್ಟು ಕಾಲ ಗುಡಿಸಿ, ಆಗಷ್ಟೇ ಕೆಲಸದಿಂದ ನಿವೃತ್ತಳಾಗಿದ್ದವಳಿಗೆ ಮಗಳ ಮಾತಿನ ಅರ್ಥವಾಗದೆ ಇರುತ್ತದೆಯೇ. ಮಾರನೆಯ ದಿನ ಬೆಳಿಗ್ಗೆ ನೆಲ ನಡುಗಿತು. ತಂಗಿಯ ಕಡೆಯಿಂದ. ಸಾಕಮ್ಮ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು ಕಟ್ಟಿಕೊಂಡು, ಕಂಕುಳಲ್ಲಿ ಒಂದು ಹಿತ್ತಾಳೆ ಚೊಂಬು ಇಟ್ಟುಕೊಂಡು ಗಲ್ಲಿಯ ಬಾಗಿಲಿಗೆ ಬಂದಿದ್ದಳು.

"ಮುಂದಿಂದ ಬರೋದಲ್ವ ಅವ್ವ" ಎಂದಳು ವನಜಾಕ್ಷಿ.

"ಕಾಲು ಗೊತ್ತಿರೋ ಕಡೆ ಬಂತು ಕಣ್ ಮಗ. ಅಲ್ಲಿ ಎದುರುಮನೆಯಮ್ಮ ಬೇರೆ ನಿಂತವ್ರೆ."

ಮಗಳು ಉಸಿರುಬಿಟ್ಟಳು. ನೆಮ್ಮದಿಯ ಉಸಿರು. ತನ್ನಿಂದ ಆ ಉಸಿರು ಬಂತೆಂದು ಅವಳಿಗೆ ಮರುಗಳಿಗೆಯೇ ಗೊತ್ತಾಯಿತು. ಮಡಿಲಕ್ಕಿ ತುಂಬಿಸಿಕೊಳ್ಳುವಾಗ ಅವಳ ಸೆರಗು ಜಾರಿ ಅಕ್ಕಿ ತಂಗಿಯ ಮೇಲೆ ಚೆಲ್ಲಿತು. ಸಾಕಮ್ಮ ಬಗ್ಗಿ ಒಂದೊಂದೇ ಕಾಳು ಆರಿಸಿದಳು, ಚೆಲ್ಲಿದ ಅಕ್ಕಿ ತುಳಿಯಬಾರದೆಂದು. ವನಜಾಕ್ಷಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಅಂದಿನಿಂದ ಅದೇ ದಾರಿಯಾಯಿತು. ಭಾನುವಾರ ಬೆಳಿಗ್ಗೆ ಸಾಕಮ್ಮ ವೈರು ಬ್ಯಾಗಿನಲ್ಲಿ ಸ್ಟೀಲ್ ಕ್ಯಾರಿಯರ್ ಇಟ್ಟುಕೊಂಡು ಗಲ್ಲಿಯಿಂದ ಬರುವಳು. ಕ್ಯಾರಿಯರಿನಲ್ಲಿ ಕೈಮ ಉಂಡೆಯ ಸಾರು. ಈ ಮನೆಯ ಒಲೆಯ ಮೇಲೆ ಮಾಂಸ ಬೇಯುತ್ತಿರಲಿಲ್ಲ. ವಾಸನೆ ಬೀದಿಗೆ ಹೋಗುತ್ತದೆಂದು ವನಜಾಕ್ಷಿ ಬಿಟ್ಟಿದ್ದಳು. ಅಡುಗೆಮನೆಯ ಕಿಟಕಿ ಮುಚ್ಚಿ ಅಜ್ಜಿ ಮೊಮ್ಮಗಳು ಉಣ್ಣುವರು. ಸಿದ್ದರಾಜು ಮದುವೆಯಾದಾಗಿನಿಂದ ಜೊತೆಗಿಟ್ಟುಕೊಂಡಿದ್ದ ಬಾಬಾಸಾಹೇಬರ ಪಟ ಹಜಾರಕ್ಕೆ ಬರದೆ ಮಲಗುವ ಕೋಣೆಯ ಬೀರುವಿನ ಎದುರು ತೂಗಿತು. "ಅಲ್ಲೇ ಚೆನ್ನಾಗಿ ಕಾಣತ್ತೆ" ಎಂದಿದ್ದಳು ವನಜಾಕ್ಷಿ. ಅವನು ಮೊಳೆ ಹೊಡೆಯುವಾಗ ಸುತ್ತಿಗೆಯ ಏಟುಗಳು ಬೇಕಾದ್ದಕ್ಕಿಂತ ಜೋರಾಗಿ ಬಿದ್ದವು.

ಎದುರುಮನೆಯ ರಮಾಮಣಿಗೆ ಹೊಸಬರ ಬಗ್ಗೆ ಕುತೂಹಲ. ಊರು ಯಾವುದು, ಮನೆದೇವರು ಯಾರು, ಹಬ್ಬಕ್ಕೆ ಏನೇನು ಮಾಡುತ್ತೀರಿ ಎಂದು ಬಗೆಬಗೆಯಾಗಿ ಕೇಳಿದಳು. ನಂಜನಗೂಡು ಕಡೆ, ಮಹದೇಶ್ವರ, ಒಬ್ಬಟ್ಟು ಎಂದಳು ವನಜಾಕ್ಷಿ. ಎಲ್ಲವೂ ನಿಜ. ಅಷ್ಟರಿಂದಲೇ ರಮಾಮಣಿ ಇವರು ಲಿಂಗಾಯತರಿರಬೇಕೆಂದು ತೀರ್ಮಾನಿಸಿ ಬೀದಿಗೆಲ್ಲ ಹೇಳಿಬಂದಳು. ವನಜಾಕ್ಷಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದರ ಬದಲು ನನ್ನನ್ನು ಇನ್ನಷ್ಟು ಚೆನ್ನಾಗಿ ನೋಡಿಕೊಳ್ಳತೊಡಗಿದಳು. ಬ್ಯಾಂಕಿಗೆ ಹೊತ್ತಾದರೂ, ಮಗುವಿಗೆ ಜ್ವರವಿದ್ದರೂ ಪದ್ಮ ತಪ್ಪಲಿಲ್ಲ. ರಮಾಮಣಿಯ ಬಾಗಿಲಿನಲ್ಲಿ ಗ್ರಾನೈಟು. ಅದರ ಮೇಲೆ ಪೇಟೆಯಿಂದ ತಂದು ಅಂಟಿಸಿದ ಪ್ಲಾಸ್ಟಿಕ್ ರಂಗೋಲಿ, ಒಂದು ಮೂಲೆ ಎದ್ದಿತ್ತು.

"ಈ ಬೀದಿಯಲ್ಲಿ ಹೊಸ್ತಿಲು ಅಂತ ಉಳ್ಕೊಂಡಿರೋದು ನಿಮ್ಮನೇದೊಂದೇ ಕಣ್ರೀ" ಎಂದಳು ರಮಾಮಣಿ ಒಮ್ಮೆ. "ತುಂಗಮ್ಮನವರೇ ಎದ್ದು ಬಂದ ಹಾಗಿದೆ."

ಹೊಗಳಿಕೆ ಕೇಳಿ ವನಜಾಕ್ಷಿ ಅರಿಶಿನದ ಬಟ್ಟಲನ್ನು ಕೆಳಗಿಟ್ಟು, ಹಳದಿಯಾದ ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಇಂಪನಾ ಬೆಳೆದಳು. ಮಕ್ಕಳ ಕಣ್ಣಿಗೆ ಮನೆಯ ಎರಡು ಬಾಗಿಲೂ ಒಂದೇ ಎತ್ತರ. ಅಜ್ಜಿ ಹಿಂದಿನಿಂದ ಬರುವುದು ಅವಳಿಗೆ ಮೊದಲು ಆಟದಂತಿತ್ತು. "ನಂಗೆ ಅದೇ ಹತ್ತಿರದ ದಾರಿ ಕಣ್ ಕೂಸೆ" ಎಂದಿದ್ದಳು ಸಾಕಮ್ಮ. ಒಂದು ಭಾನುವಾರ ಅಪ್ಪನ ಜೊತೆ ಇಂಪನಾ ಅಜ್ಜಿಯನ್ನು ಬಸ್ಸಿಗೆ ಬಿಡಲು ಹೋದಳು. ಗಲ್ಲಿಯಲ್ಲಿ ಕಸದ ರಾಶಿ ದಾಟಿ, ಲಾಡ್ಜಿನ ಬಚ್ಚಲ ನೀರು ದಾಟಿ, ಊರು ಸುತ್ತಿ ಹೋದರೆ ಬಸ್ ಸ್ಟಾಪು ಸಿಕ್ಕಿದ್ದು ನಮ್ಮದೇ ಬೀದಿಯ ಮೂಲೆಯಲ್ಲಿ. ಅಲ್ಲಿಂದ ತಿರುಗಿದರೆ ನಾನು ಕಾಣುತ್ತಿದ್ದೆ. ಹುಡುಗಿ ಅಲ್ಲೇ ನಿಂತು ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯ ಕೆಸರಾದ ಚಪ್ಪಲಿಯನ್ನು ನೋಡಿದಳು.

ಮಾರನೆಯ ದಿನ ಬೆಳಿಗ್ಗೆ ಬಾಗಿಲ ಬಳಿ ಬೆಳಕಿಗೆ ಕೂರಿಸಿಕೊಂಡು ಅಮ್ಮ ತಲೆ ಬಾಚುತ್ತಿದ್ದಾಗ, "ಅಮ್ಮಾ, ಅಜ್ಜಿ ಯಾಕೆ" ಎಂದು ಶುರುಮಾಡಿದಳು.

"ಅಲ್ಲಾಡ್ಬೇಡ, ಬೈತಲೆ ಸೊಟ್ಟ ಆಗತ್ತೆ" ಎಂದಳು ವನಜಾಕ್ಷಿ. ಹಾಗೆನ್ನುವಾಗ ಅವಳ ಕೈಯಲ್ಲಿದ್ದ ಬಾಚಣಿಗೆ ನಿಂತೇ ಇತ್ತು.

ಬೈತಲೆ ನೇರವಾಯಿತು. ಆದರೆ ಆ ಪ್ರಶ್ನೆ ಹುಡುಗಿಯಲ್ಲಿ ಉಳಿಯಿತು. ಊಟಕ್ಕೆ ಕೂತಾಗ, ಬೂಟಿನ ಲೇಸು ಕಟ್ಟಿಸಿಕೊಳ್ಳುವಾಗ ಅವಳ ಬಾಯಿ ಅರ್ಧ ತೆರೆಯುವುದು, ಅಮ್ಮನ ಮುಖ ನೋಡುವುದು, ಮುಚ್ಚುವುದು. ವನಜಾಕ್ಷಿಗೂ ಅದು ಕಾಣುತ್ತಿತ್ತು. ಮಗುವಿನ ಬಾಯಲ್ಲಿ ಅಲ್ಲಾಡುವ ಹಲ್ಲಿದ್ದರೆ ತಾಯಿಗೆ ತಿಳಿಯುತ್ತದಲ್ಲ, ಹಾಗೆ. ಯಾವತ್ತಾದರೂ ಬೀಳಲೇಬೇಕು. ಇವತ್ತಲ್ಲದಿದ್ದರೆ ಸಾಕು ಎಂದು ಅವಳು ದಿನ ದೂಡುತ್ತಿದ್ದಳು.

ಅಷ್ಟರಲ್ಲಿ ಹಿಂದಿನ ಗಲ್ಲಿಯಲ್ಲಿ ಗುದ್ದಲಿಯ ಸದ್ದು ಶುರುವಾಯಿತು. ಹೊಸ ಒಳಚರಂಡಿ ಪೈಪು ಹಾಕಲು ಈ ತುದಿಯಿಂದ ಆ ತುದಿಯವರೆಗೆ ಅಗೆದುಬಿಟ್ಟರು. ತಂಗಿಯ ಎದುರಿಗೆ ಆಳೆತ್ತರದ ಹಳ್ಳ. ಶನಿವಾರ ಸಂಜೆ ವನಜಾಕ್ಷಿ ಹಿತ್ತಿಲ ಬಾಗಿಲು ತೆರೆದು ನೋಡಿ ಹಾಗೇ ನಿಂತಳು. ಆಮೇಲೆ ಹಜಾರಕ್ಕೆ ಬಂದು, ಅವ್ವನಿಗೆ ಈ ವಾರ ಬರಬೇಡ ಎನ್ನೋಣವೆಂದು ಫೋನು ಎತ್ತಿಕೊಂಡಳು. ಕೆಳಗಿಟ್ಟಳು. ಮುಂದಿನಿಂದ ಬಾ ಎನ್ನೋಣವೆಂದು ಮತ್ತೆ ಎತ್ತಿಕೊಂಡಳು. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಒರೆಸಲು ಹೋದವಳು ಮತ್ತೆ ಫೋನಿನ ಹತ್ತಿರ ಬರಲಿಲ್ಲ. ಬೇಡ ಎನ್ನಲು ನಾಲಿಗೆ ಬರಲಿಲ್ಲ, ಬಾ ಎನ್ನಲು ಎದೆ ಬರಲಿಲ್ಲ.

ಹೀಗೆ ಬಂದದ್ದು ಈ ಭಾನುವಾರದ ಬೆಳಿಗ್ಗೆ. ಸಿದ್ದರಾಜು ತರಕಾರಿ ತರಲು ಹೋಗಿದ್ದಾನೆ. ಅಮ್ಮನ ಕೈ ನನ್ನ ಮೇಲೆ ನಿಂತಿದೆ. ಚಪ್ಪಲಿಯ ಸದ್ದು ಹತ್ತಿರವಾಗುತ್ತಿದೆ.

ಸಾಕಮ್ಮ ಮೆಟ್ಟಿಲಿಗೆ ಬರಲಿಲ್ಲ. ಮೆಟ್ಟಿಲಿನಿಂದ ದೂರದಲ್ಲಿ, ಬೀದಿಯಲ್ಲೇ, ವೈರು ಬ್ಯಾಗನ್ನು ಎರಡು ಕೈಯಲ್ಲೂ ಹಿಡಿದು ನಿಂತಳು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ಬಿಳಿ ತಲೆ. ತಾನೇ ಗುಡಿಸಿ ಗುಡಿಸಿ ಬಲ್ಲ ಬೀದಿಯಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದವಳ ಹಾಗೆ ಒಮ್ಮೆ ಹಿಂದೆ ಸರಿದಳು, ಒಮ್ಮೆ ಪಕ್ಕಕ್ಕೆ. ಎದುರುಮನೆಯ ಗೇಟು ಕಿರುಗುಟ್ಟಿತು. ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ರಮಾಮಣಿ ಬಂದಿದ್ದಳು.

"ಯಾರು, ಸಾಕಮ್ಮನಾ? ಇನ್ನೂ ಗಟ್ಟಿಯಾಗಿದ್ದೀಯಲ್ಲೇ" ಎಂದಳು ನಗುತ್ತ. "ನೀನು ಬಿಟ್ಟ ಮೇಲೆ ಈ ಬೀದಿಗೆ ಗತಿಯಿಲ್ಲ ನೋಡು. ಈಗಿನವರು ಪೊರಕೆ ಹಿಡಿಯೋದು ಫೋಟೋಕ್ಕೆ ನಿಂತ ಹಾಗೆ. ಯಾರ ಮನೆಗೆ ಬಂದೆ?"

ಸಾಕಮ್ಮ ಮಗಳ ಬೆನ್ನನ್ನು ನೋಡಿದಳು. ನನಗೆ ಆ ಬೆನ್ನು ಕಾಣುವುದಿಲ್ಲ. ಬಾಗಿದ ಮುಖ ಕಾಣುತ್ತದೆ. ಕಣ್ಣು ಮುಚ್ಚಿತ್ತು. ಎದ್ದು ತಿರುಗಿ, ಇವರು ನಮ್ಮವ್ವ ಎನ್ನಲು ಬೇಕಾದಷ್ಟು ಹೊತ್ತಿತ್ತು. ತುಟಿ ಅಲುಗಿತು. ಆ ಹೊತ್ತು ಹಾಗೇ ಕಳೆಯಿತು. ಮಗಳು ಎದ್ದೇಳುವಳೆಂದು ತಾಯಿ ಕಾದಳು. ಅವಳು ಏಳುವುದಿಲ್ಲವೆಂದು ತಿಳಿದಾಗ, ಹಿಂದೊಮ್ಮೆ ಇದೇ ಜಾಗದಲ್ಲಿ ಅವಳನ್ನು ಹೇಗೆ ಕಾಪಾಡಿದ್ದಳೋ ಹಾಗೇ ಈಗಲೂ ಕಾಪಾಡಿದಳು.

"ಈ ಅಮ್ಮಾವ್ರ ಮನೆಗೆ ಬಂದೆ ಕಣ್ರವ್ವ. ಪಾತ್ರೆ ಪಗಡ ಬೆಳಗಕ್ಕೆ ಕರೆದವ್ರೆ."

ಅವಳ ದನಿಯಲ್ಲಿ ನೋವಿರಲಿಲ್ಲ. ರೂಢಿಯಿತ್ತು. ಅದೇ ವನಜಾಕ್ಷಿಗೆ ತಾಗಿತು. ನನ್ನ ಮೇಲಿದ್ದ ಬೆರಳುಗಳು ಒತ್ತಿಕೊಂಡವು.

"ಒಳ್ಳೇದಾಯ್ತು ಬಿಡ್ರೀ ವನಜಾಕ್ಷಿ, ನಂಬಿಕಸ್ತಳು" ಎಂದಳು ರಮಾಮಣಿ. ಆಮೇಲೆ ರಸ್ತೆಯ ಅರ್ಧದವರೆಗೆ ಬಂದು ದನಿ ತಗ್ಗಿಸಿದಳು. ತಗ್ಗಿಸಿದರೂ ಸಾಕಮ್ಮನಿಗೆ ಕೇಳುವಂತಿತ್ತು. "ಒಳಗೆಲ್ಲ ಬಿಟ್ಕೊಳ್ಳೋದು ಬೇಡಿ, ನಿಮಗೆ ನಾನು ಹೇಳ್ಬೇಕಾ. ಹಿತ್ತಿಲಲ್ಲಿ ಕಲ್ಲಿದೆಯಲ್ಲ, ತುಂಗಮ್ಮನವರು ಹಾಕಿಸಿದ್ದು, ಅಲ್ಲೇ ಬೆಳಗ್ಲಿ."

ವನಜಾಕ್ಷಿ "ಹೂಂ" ಎಂದಳು. ನನಗೆ ಕೇಳಿಸಿತು. ಒಳಗೆ ಕೂತ ಮಗಳಿಗೂ ಕೇಳಿಸಿತು. ಬಟ್ಟಲಿನಿಂದ ಅರಿಶಿನದ ನೀರು ತೊಟ್ಟಿಕ್ಕಿ, ಇನ್ನೂ ಹಚ್ಚದೆ ಬಿಟ್ಟ ಅರ್ಧದ ಮೇಲೆ ಹರಿಯಿತು.

ನನಗೆ ವಯಸ್ಸಾಗಿದೆ. ಎಡತುದಿಯಲ್ಲಿ ಗೆದ್ದಲು ಹಿಡಿದು ಬಿಟ್ಟ ಗೆರೆ, ನಡುವೆ ಒಂದು ತಗ್ಗು. ಹಾವು ಹರಿದು ಬಾರದಿರಲಿ, ಮಳೆಯ ನೀರು ನುಗ್ಗದಿರಲಿ ಎಂದು ಪುಟ್ಟಾಚಾರಿ ನನ್ನನ್ನಿಟ್ಟ. ಅಷ್ಟು ಸಣ್ಣ ಕೆಲಸ. ಮಿಕ್ಕದ್ದನ್ನೆಲ್ಲ ಮನುಷ್ಯರು ನನಗೆ ಹೊರಿಸಿದರು. ಆದರೂ ನಾನೇನು ಮಾಡಲಿ, ನಾನು ಮರ ಎಂದು ಕೈತೊಳೆದುಕೊಳ್ಳುವ ಧೈರ್ಯ ನನಗೆ ಬರುವುದಿಲ್ಲ. ನಡುವಿನ ಈ ತಗ್ಗು ನನ್ನನ್ನು ದಾಟಿದವರ ಕಾಲಿನಿಂದಾದದ್ದು. ವಧುಗಳು, ಅತಿಥಿಗಳು, ಕೂಸುಗಳು, ಎಲ್ಲರೂ ಇದರಲ್ಲಿದ್ದಾರೆ. ದಾಟದೆ ಬೀದಿಯಲ್ಲೇ ನಿಂತವರ ಗುರುತು ನನ್ನ ಮೇಲೆಲ್ಲೂ ಇಲ್ಲ. ಒಂದಿತ್ತು. ಅದನ್ನು ತೊಳೆದರು.

ಇಂಪನಾ ಎದ್ದಳು. ದಾಟುವಾಗ ಹಿಡಿತಕ್ಕೆಂದು ಬಾಗಿ, ಬಲಗೈಯನ್ನು ನನ್ನ ಹಸಿ ಅರಿಶಿನದ ಮೇಲೆ ಊರಿದಳು. ಅದೇ ಅಳತೆಯ ಅಂಗೈ. ವನಜಾಕ್ಷಿ ಕಣ್ಣುಬಿಟ್ಟು ಆ ಗುರುತನ್ನು ನೋಡಿದಳು. ಮಗಳು ಅಮ್ಮನ ಪಕ್ಕದಿಂದ ಇಳಿದು, ಬೀದಿಗೆ ಹೋಗಿ, ವೈರು ಬ್ಯಾಗು ಹಿಡಿದಿದ್ದ ಕೈಯನ್ನು ಹಿಡಿದುಕೊಂಡಳು. ಸಾಕಮ್ಮ ಬಿಡಿಸಿಕೊಳ್ಳಲು ನೋಡಿದಳು. "ಬುಡು ಕೂಸೆ, ಒಳಿಕ್ಕೆ ಹೋಗು" ಎಂದು ಪಿಸುಗುಟ್ಟಿದಳು. ಹುಡುಗಿ ಬಿಡಲಿಲ್ಲ, ಅಜ್ಜಿಯ ಕೈಯೂ ಹಳದಿಯಾಯಿತು. ರಮಾಮಣಿ ಹಾಲಿನ ಪ್ಯಾಕೆಟ್ ಹಿಡಿದು ರಸ್ತೆಯ ನಡುವೆ ನಿಂತಿದ್ದಳು. ಇಂಪನಾ ಅವಳ ಕಡೆ ನೋಡಲೇ ಇಲ್ಲ. ಇಷ್ಟು ದಿನ ಅಮ್ಮನ ಮುಖ ನೋಡಿ ಮುಚ್ಚಿಕೊಳ್ಳುತ್ತಿದ್ದ ಬಾಯನ್ನು, ಈಗ ಅಮ್ಮನ ಬೆನ್ನು ನೋಡುತ್ತ ತೆರೆದಳು.

"ಅಮ್ಮಾ, ನಮ್ಮಜ್ಜಿ ಈ ಬಾಗಿಲಿಂದ ಯಾಕೆ ಒಳಗೆ ಬರಲ್ಲ? ನೀನು ಬೇಡ ಅಂದಿದ್ದೀಯಾ?"